ತಿದ್ದುವ ಕೈಗೆ ಅವಸರ ಬೇಡ

ರಬಕವಿ ಎಲ್ಲಿ ಮುಗಿಯುತ್ತದೆ, ಬನಹಟ್ಟಿ ಎಲ್ಲಿ ಶುರುವಾಗುತ್ತದೆ ಎಂಬುದು ಹೊರಗಿನಿಂದ ಬಂದವರಿಗೆ ಗೊತ್ತಾಗುವುದಿಲ್ಲ. ಎರಡೂ ಊರಿನ ಓಣಿಗಳಲ್ಲಿ ಕೇಳುವುದು ಅದೇ ಮಗ್ಗದ ಸದ್ದು. ನಗರಸಭೆ ಒಂದೇ, ಈಗ ತಾಲ್ಲೂಕೂ ಒಂದೇ. ಆದರೆ 1948ಕ್ಕೆ ಮೊದಲು ಈ ಎರಡು ಊರುಗಳ ನಡುವೆ ಎರಡು ಸಂಸ್ಥಾನಗಳ ಗಡಿ ಇತ್ತು. ರಬಕವಿ ಸಾಂಗಲಿ ಸಂಸ್ಥಾನದ್ದು, ಬನಹಟ್ಟಿ ಜಮಖಂಡಿ ಸಂಸ್ಥಾನದ್ದು. ಎರಡೂ ಕಡೆ ಆಳುತ್ತಿದ್ದವರು ಪಟವರ್ಧನರೇ ಆದರೂ ದರಬಾರು ಬೇರೆ, ಕಾನೂನು ಬೇರೆ. ಪಕ್ಕದ ಮುಧೋಳ ಘೋರ್ಪಡೆ ಮನೆತನದ್ದು. ಬೀಳಗಿ ಮಾತ್ರ ಬ್ರಿಟಿಷರ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿತ್ತು. 1948ರ ಮಾರ್ಚ್‌ನಲ್ಲಿ ಡೆಕ್ಕನ್ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಎರಡು ವರ್ಷ ತುಂಬುವುದರೊಳಗೆ ಸಂವಿಧಾನ ಬಂತು. 1956ರ ನವೆಂಬರ್ 1ರಂದು, ರಾಜ್ಯ ಪುನರ್ವಿಂಗಡಣೆ ಕಾಯ್ದೆ ಮತ್ತು ಸಂವಿಧಾನದ ಏಳನೇ ತಿದ್ದುಪಡಿ ಒಟ್ಟಿಗೇ ಜಾರಿಗೆ ಬಂದಾಗ, ನಾಲ್ಕೂ ಊರು ಮುಂಬಯಿ ಬಿಟ್ಟು ಮೈಸೂರು ರಾಜ್ಯ ಸೇರಿದವು. ಯಾರೂ ಮನೆ ಬದಲಿಸಲಿಲ್ಲ, ಸಂಸ್ಥಾನದ ಊರುಗಳಿಗೆ ಎಂಟೇ ವರ್ಷದಲ್ಲಿ ಸರಕಾರ ಎರಡು ಸಲ ಬದಲಾಯಿತು.

ಇದನ್ನು ಮೊದಲೇ ಹೇಳಲು ಕಾರಣವಿದೆ. ಕೆಲವು ವರ್ಷಗಳಿಂದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ಕಾಲೇಜಿನ ಹುಡುಗರು ಕೇಳುತ್ತಾರೆ, ಜಮಖಂಡಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಹಿರಿಯರೂ ಕೇಳುತ್ತಾರೆ: “ಸಂವಿಧಾನಾ ಬದಲ್ ಮಾಡ್ತಾರಂತಲ್ರೀ, ಖರೇ ಏನು? ಬದಲ್ ಮಾಡೋದು ಛಲೋನೋ ಕೆಟ್ಟದ್ದೋ, ಅದನ್ನರ ಹೇಳ್ರಿ.” ಕೇಳುವವರಲ್ಲಿ ಭಯವಿದೆ. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಸಂವಿಧಾನದ ತಿದ್ದುಪಡಿ ಎಂಬುದು ಎಂದೋ ಬರಬಹುದಾದ ಸಂಗತಿಯಲ್ಲ, ನಮ್ಮ ಹೊಲ, ಸೊಸೈಟಿ, ಪಂಚಾಯ್ತಿಗಳ ಮೂಲಕ ಅದು ನಮ್ಮನ್ನು ಆಗಲೇ ಹತ್ತಾರು ಸಲ ಮುಟ್ಟಿದೆ. ಕೆಲವು ಸಲ ಕೈಹಿಡಿದು ಎತ್ತಿದೆ, ಕೆಲವು ಸಲ ಕೈಬಿಟ್ಟಿದೆ. ಯಾವಾಗ ಎತ್ತಿತು, ಯಾವಾಗ ಕೈಬಿಟ್ಟಿತು ಎಂದು ಜಮಖಂಡಿ, ರಬಕವಿ-ಬನಹಟ್ಟಿ, ಮುಧೋಳ, ಬೀಳಗಿ ಈ ನಾಲ್ಕು ತಾಲ್ಲೂಕುಗಳ ಅನುಭವದಿಂದಲೇ ನೋಡೋಣ.

ತಿದ್ದುವ ದಾರಿಯನ್ನು ಸಂವಿಧಾನದ 368ನೇ ವಿಧಿ ಹೇಳುತ್ತದೆ. ಲೋಕಸಭೆಯಲ್ಲೂ ರಾಜ್ಯಸಭೆಯಲ್ಲೂ ಬೇರೆ ಬೇರೆಯಾಗಿ ಮಸೂದೆ ಪಾಸಾಗಬೇಕು. ಸದನದ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಬೇಕು, ಹಾಜರಿದ್ದು ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಒಪ್ಪಬೇಕು. ರಾಜ್ಯಗಳ ಅಧಿಕಾರ, ಹೈಕೋರ್ಟು-ಸುಪ್ರೀಂ ಕೋರ್ಟು, ಸಂಸತ್ತಿನಲ್ಲಿ ರಾಜ್ಯಗಳ ಪ್ರಾತಿನಿಧ್ಯ, ಈ 368ನೇ ವಿಧಿ, ಇಂಥವನ್ನು ತಿದ್ದಬೇಕಾದರೆ ಅಷ್ಟು ಸಾಲದು. ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳೂ ಅನುಮೋದಿಸಬೇಕು. ರಾಜ್ಯದ ಗಡಿ ಬದಲಿಸುವುದಕ್ಕೆ ಮಾತ್ರ ಸಂಸತ್ತಿನ ಸಾಮಾನ್ಯ ಬಹುಮತ ಸಾಕು. ಗಡಿ ತಾಲ್ಲೂಕುಗಳವರಿಗೆ ಇದು ತಿಳಿದಿರಲಿ. ತಿದ್ದುವ ದಾರಿ ಸುಲಭವಾಗಿಯೇ ಇದೆ, ಮೂರರಲ್ಲಿ ಎರಡು ಪಾಲು ಬಹುಮತವನ್ನೂ ಕೂಡಿಸಲಾರದವರು ಜನ ತಮ್ಮ ಜೊತೆಗಿದ್ದಾರೆಂದು ಹೇಳಿಕೊಳ್ಳುವಂತಿಲ್ಲ ಎಂಬ ಅರ್ಥದ ಮಾತನ್ನು ಡಾ. ಅಂಬೇಡ್ಕರ್ 1949ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲೇ ಆಡಿದ್ದರು. ಜಪಾನಿನ ಸಂವಿಧಾನ 1947ರಲ್ಲಿ ಜಾರಿಗೆ ಬಂದಾಗಿನಿಂದ ಒಮ್ಮೆಯೂ ತಿದ್ದುಪಡಿ ಕಂಡಿಲ್ಲ. ಅಮೆರಿಕದವರು ಎರಡು ಶತಮಾನ ದಾಟಿದರೂ ತಿದ್ದಿದ್ದು 27 ಸಲ. ನಾವು 2023ರ ಹೊತ್ತಿಗೇ 106 ತಿದ್ದುಪಡಿ ಮಾಡಿಕೊಂಡಿದ್ದೆವು. ಸಂಖ್ಯೆ ದೊಡ್ಡದಾದದ್ದರಿಂದ ನನಗೆ ಗಾಬರಿಯಿಲ್ಲ. ಒಂದೊಂದು ತಿದ್ದುಪಡಿ ಹೇಗೆ ಬಂತು ಎಂಬುದರಲ್ಲಿ ಅದರ ಗುಣ ದೋಷ ಎರಡೂ ಇವೆ.

ಹೊಲದಿಂದ ಶುರು ಮಾಡುತ್ತೇನೆ. ಮೊದಲನೇ ತಿದ್ದುಪಡಿ ಬಂದದ್ದು 1951ರ ಜೂನ್‌ನಲ್ಲಿ, ಸಂವಿಧಾನಕ್ಕೆ ಇನ್ನೂ ಒಂದೂವರೆ ವರ್ಷ ತುಂಬುವ ಮೊದಲು. ಜಮೀನ್ದಾರಿ ರದ್ದು ಮಾಡುವ ಬಿಹಾರದ ಕಾಯ್ದೆಯನ್ನು ಪಾಟ್ನಾ ಹೈಕೋರ್ಟು ಹೊಡೆದುಹಾಕಿತ್ತು. ಇಂಥ ಕಾಯ್ದೆಗಳನ್ನು ಕೋರ್ಟುಗಳಿಂದ ಕಾಪಾಡಲು ಸಂವಿಧಾನಕ್ಕೆ ಒಂಬತ್ತನೇ ಅನುಸೂಚಿಯನ್ನು ಸೇರಿಸಿದರು. ಮೊದಲು ಅದರೊಳಗೆ ಹೋದವು 13 ಕಾಯ್ದೆಗಳು. ಅವುಗಳಲ್ಲಿ ಎರಡನೆಯದು 1948ರ ಮುಂಬಯಿ ಗೇಣಿ ಮತ್ತು ಕೃಷಿ ಜಮೀನು ಕಾಯ್ದೆ, ನಮ್ಮ ಕಡೆಯವರ ಬಾಯಲ್ಲಿ ‘ಕುಳ ಕಾಯ್ದೆ’. ಆಗ ವಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, ಹಾಗಾಗಿ ದೇಶದ ಮೊದಲ ಸಂವಿಧಾನ ತಿದ್ದುಪಡಿಯಲ್ಲೇ ನಮ್ಮ ಕುಳಗಳ ಪಾಲು ಇತ್ತು.

ಏಕೀಕರಣದ ಮೇಲೆ ಮೈಸೂರು ರಾಜ್ಯದ ನಾನಾ ಭಾಗಗಳಲ್ಲಿ ಇದ್ದ ಬೇರೆ ಬೇರೆ ಗೇಣಿ ಕಾಯ್ದೆಗಳನ್ನು ಒಂದು ಮಾಡಲು ಸರಕಾರ ಸಮಿತಿ ಮಾಡಿತು. ಅದರ ಅಧ್ಯಕ್ಷರು ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ ಹುಟ್ಟಿದ ಬಸಪ್ಪ ದಾನಪ್ಪ ಜತ್ತಿಯವರು. ಜಮಖಂಡಿಯಲ್ಲಿ ವಕೀಲರಾಗಿ, ಪುರಸಭೆಯ ಅಧ್ಯಕ್ಷರಾಗಿ, ಸಂಸ್ಥಾನದ ಮಂತ್ರಿಯಾಗಿ, ವಿಲೀನದ ಹೊತ್ತಿಗೆ ಮುಖ್ಯಮಂತ್ರಿಯಾಗಿ ಇದ್ದವರು ಅವರು. ಜತ್ತಿ ಸಮಿತಿಯ ವರದಿಯ ಆಧಾರದ ಮೇಲೆ 1961ರ ಭೂಸುಧಾರಣಾ ಕಾಯ್ದೆ ರೂಪುಗೊಂಡಿತು. ಆ ಹೊತ್ತಿಗೆ ಅವರೇ ರಾಜ್ಯದ ಮುಖ್ಯಮಂತ್ರಿ. 1964ರ ಹದಿನೇಳನೇ ತಿದ್ದುಪಡಿ ಆ ಕಾಯ್ದೆಯನ್ನೂ ಒಂಬತ್ತನೇ ಅನುಸೂಚಿಗೆ ಸೇರಿಸಿತು. ಅದಕ್ಕೆ ನಿಜವಾದ ಹಲ್ಲು ಬಂದದ್ದು 1974ರಲ್ಲಿ, ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ. ಗೇಣಿಗೆ ಮಾಡುತ್ತಿದ್ದವರು ಏಳನೇ ನಂಬರಿನ ಫಾರ್ಮು ತುಂಬಿದರು, ಭೂನ್ಯಾಯಮಂಡಳಿಯ ಎದುರು ನಿಂತರು. ಆಗ ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಅಕ್ಷರ ಬಾರದವರೂ ತಮ್ಮ ಬಾಯಿಂದಲೇ ಹೇಳಿ ಉತಾರದಲ್ಲಿ ಹೆಸರು ಬರೆಸಿಕೊಂಡರು.

ಬೀಳಗಿ ತಾಲ್ಲೂಕಿನ ಒಂದು ಪುನರ್ವಸತಿ ಕೇಂದ್ರದಲ್ಲಿ ಹಿರಿಯ ರೈತರೊಬ್ಬರು ನನಗೆ ಎರಡು ಕಾಗದ ತೋರಿಸಿದ್ದರು. ಟ್ರಂಕಿನ ತಳದಲ್ಲಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದರು. ಒಂದು ಅವರ ತಂದೆಯ ಹೆಸರಿಗೆ ಭೂನ್ಯಾಯಮಂಡಳಿ ಕೊಟ್ಟ ಆದೇಶ. ಮಡಿಕೆಗಳಲ್ಲಿ ಹರಿದು ನಾಲ್ಕು ಚೂರಾಗಿತ್ತು, ಹಿಂದಿನಿಂದ ಅಂಟಿಸಿದ್ದರು, ಮೊಹರಿನ ನೇರಳೆ ಬಣ್ಣ ಇನ್ನೂ ಇತ್ತು. ಇನ್ನೊಂದು ಭೂಸ್ವಾಧೀನದ ‘ಫೋರ್ ಒನ್’ ನೋಟೀಸು. ಎರಡರಲ್ಲೂ ಇದ್ದದ್ದು ಅದೇ ಸರ್ವೆ ನಂಬರು. ತಂದೆಗೆ ಬಂದ ಹೊಲ ಮಗನ ಕಾಲಕ್ಕೆ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತ್ತು. “ಕೊಟ್ಟಾಗೂ ಸರಕಾರಾನ, ಕಸ್ಗೊಂಡಾಗೂ ಸರಕಾರಾನ” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವಾರ್ಡ್ ಆದ ಮೇಲೆ ಪರಿಹಾರ ಹೆಚ್ಚಿಸಲು ಹಾಕಿದ ಕೇಸು, ವಕೀಲರ ಫೀಸು, ತಾರೀಖಿನ ಮೇಲೆ ತಾರೀಖು, ಇವನ್ನೆಲ್ಲ ಬೇರೆ ಯಾರದೋ ಕಥೆ ಎಂಬಂತೆ ಹೇಳಿದರು.

ಆ ಎರಡು ಕಾಗದಗಳ ಹಿಂದೆಯೂ ಸಂವಿಧಾನದ ತಿದ್ದುಪಡಿಗಳಿವೆ. ಆಸ್ತಿಯ ಹಕ್ಕು ಮೂಲಭೂತ ಹಕ್ಕಾಗಿ ಗಟ್ಟಿಯಾಗಿ ಕುಳಿತಿದ್ದರೆ ಗೇಣಿದಾರನಿಗೆ ಭೂಮಿ ಸಿಗುವುದು ಕಷ್ಟವಿತ್ತು, ಅದನ್ನು ಸಡಿಲಿಸಿದ್ದು ಸರಿ. 1978ರ ನಲವತ್ತನಾಲ್ಕನೇ ತಿದ್ದುಪಡಿ ಇನ್ನೂ ಮುಂದೆ ಹೋಗಿ ಆಸ್ತಿಯನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದಲೇ ತೆಗೆದು 300-ಎ ಎಂಬ ಸಾಮಾನ್ಯ ವಿಧಿಯಾಗಿ ಇಟ್ಟಿತು. ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಬಾರದು ಎನ್ನುತ್ತದೆ ಅದು. ಆದರೆ ಆಸ್ತಿಗಾಗಿ ಮೂಲಭೂತ ಹಕ್ಕಿನ ಹೆಸರಿನಲ್ಲಿ ನೇರ ಸುಪ್ರೀಂ ಕೋರ್ಟಿಗೆ ಹೋಗುವ ಬಾಗಿಲು ಮುಚ್ಚಿತು. ಸಾವಿರ ಎಕರೆಯ ಧಣಿಯನ್ನು ಕಣ್ಣಮುಂದೆ ಇಟ್ಟುಕೊಂಡು ಮಾಡಿದ ಬದಲಾವಣೆ, ನಾಲ್ಕು ಎಕರೆಯ ರೈತನಿಗೂ ಅದೇ ಅಳತೆಯಲ್ಲಿ ಅನ್ವಯವಾಯಿತು. ಮೊದಲೂ ಸರಕಾರ ಯೋಜನೆಗೆ ಭೂಮಿ ತೆಗೆದುಕೊಳ್ಳುತ್ತಿತ್ತು, ನಿಜ. ಆದರೂ ಸಣ್ಣ ಹಿಡುವಳಿದಾರನಿಗೆ ಬೇರೆ ರಕ್ಷಣೆ ಬರೆದಿಡಬಹುದಿತ್ತು ಎಂದು ನನಗೆ ಅನಿಸುತ್ತದೆ. ಮುಳುಗಡೆಯಾದವರಿಗೆ ಸ್ವಲ್ಪವಾದರೂ ಬಲ ಸಿಕ್ಕಿದ್ದು 2014ರ ಜನವರಿಯಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯ್ದೆಯಿಂದ. ಅದು ಸಂಸತ್ತಿನ ಸಾಮಾನ್ಯ ಕಾಯ್ದೆ, ಸಂವಿಧಾನದ ತಿದ್ದುಪಡಿಯಲ್ಲ. ಆಲಮಟ್ಟಿಯ ಎತ್ತರವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ಬಂದಾಗಲೆಲ್ಲ ನದಿದಂಡೆಯ ಹಳ್ಳಿಗಳು ಮೊದಲು ಕೇಳುವುದು ಆ ಕಾಯ್ದೆಯನ್ನೇ.

ಹಾಗಾದರೆ ಸಂಸತ್ತು ಏನನ್ನು ಬೇಕಾದರೂ ತಿದ್ದಬಹುದೇ? ಇದಕ್ಕೆ ಉತ್ತರ ಬಂದದ್ದು ಒಬ್ಬ ಕನ್ನಡ ಸ್ವಾಮಿಗಳ ಕೇಸಿನಿಂದ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣಾ ಕಾಯ್ದೆಯ ವಿರುದ್ಧ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಕೇಳಿತು. 1973ರ ಏಪ್ರಿಲ್ 24ರಂದು ಏಳು-ಆರರ ಅಂತರದಲ್ಲಿ ತೀರ್ಪು ಬಂತು: ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ಸಂರಚನೆಯನ್ನು ಕೆಡಿಸುವಂತಿಲ್ಲ. ಸ್ವಾಮಿಗಳಿಗೆ ಮಠದ ಭೂಮಿಯ ವಿಷಯದಲ್ಲಿ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಯಕ್ಷಗಾನ, ಸಂಗೀತಗಳಲ್ಲಿ ಜೀವ ತೇಯ್ದ ಅವರು 2020ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಾಗ ಇಡೀ ದೇಶ ಅವರನ್ನು ನೆನೆದದ್ದು ಆ ತೀರ್ಪಿನಿಂದ. “ಸಂವಿಧಾನವನ್ನೇ ಬದಲಾಯಿಸಿಬಿಟ್ಟರೆ?” ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಎಡನೀರಿನ ಹೆಸರು. ಇನ್ನು ಕೆಲವರು, ಮೀಸಲಾತಿ ಹೆಚ್ಚಳವನ್ನು ಒಂಬತ್ತನೇ ಅನುಸೂಚಿಗೆ ಹಾಕಿಬಿಟ್ಟರೆ ಕೋರ್ಟಿನ ಕಾಟ ತಪ್ಪಿತಲ್ಲ ಎನ್ನುತ್ತಾರೆ. ತಪ್ಪುವುದಿಲ್ಲ. 1973ರ ಆ ತಾರೀಖಿನ ನಂತರ ಅಲ್ಲಿಗೆ ಸೇರಿದ ಯಾವುದೇ ಕಾಯ್ದೆಯನ್ನು ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟು 2007ರಲ್ಲೇ ಹೇಳಿದೆ.

ತಿದ್ದುಪಡಿಯ ಅಪಾಯ ಏನೆಂದು ತಿಳಿಯಲು ಮತ್ತೆ ಸಾವಳಗಿಯ ಜತ್ತಿಯವರ ಕಡೆಗೇ ಬರಬೇಕು. ಅವರು 1974ರ ಆಗಸ್ಟ್‌ನಿಂದ ಉಪರಾಷ್ಟ್ರಪತಿ, ಎಂದರೆ ರಾಜ್ಯಸಭೆಯ ಸಭಾಪತಿ. 1976ರ ನವೆಂಬರ್‌ನಲ್ಲಿ ನಲವತ್ತೆರಡನೇ ತಿದ್ದುಪಡಿ ಸಂಸತ್ತಿನಲ್ಲಿ ಪಾಸಾಯಿತು. ತುರ್ತುಪರಿಸ್ಥಿತಿಯ ಕಾಲ, ವಿರೋಧ ಪಕ್ಷಗಳ ಎಷ್ಟೋ ನಾಯಕರು ಜೈಲಿನಲ್ಲಿ, ಪತ್ರಿಕೆಗಳಿಗೆ ಸೆನ್ಸಾರು, ಲೋಕಸಭೆಯ ಐದು ವರ್ಷದ ಅವಧಿ ಮುಗಿದು ಅದನ್ನೇ ಎಳೆದು ಮುಂದುವರಿಸಿದ್ದರು. ಅಂಥ ಹೊತ್ತಿನಲ್ಲಿ ಒಂದೇ ಮಸೂದೆ ಹತ್ತಾರು ವಿಧಿಗಳನ್ನು ಮುಟ್ಟಿತು. ಕೋರ್ಟುಗಳ ಅಧಿಕಾರ ಮೊಟಕಾಯಿತು, ಲೋಕಸಭೆ-ವಿಧಾನಸಭೆಗಳ ಅವಧಿ ಆರು ವರ್ಷವಾಯಿತು. ಮಂತ್ರಿಮಂಡಲ ಹೇಳಿದಂತೆ ರಾಷ್ಟ್ರಪತಿ ನಡೆಯಲೇಬೇಕು ಎಂದು ಬರೆದರು. ಅರ್ಧಕ್ಕಿಂತ ಹೆಚ್ಚು ರಾಜ್ಯಗಳ ಅನುಮೋದನೆಯೂ ದೊರೆಯಿತು. 368ನೇ ವಿಧಿ ಕೇಳುವ ಲೆಕ್ಕವೆಲ್ಲ ಸರಿಯಾಗಿತ್ತು, ಇಲ್ಲದಿದ್ದದ್ದು ಬಿಚ್ಚುಮನಸ್ಸಿನ ಚರ್ಚೆ. ಲೆಕ್ಕ ಸರಿಯಾಗಿದ್ದರೆ ತಿದ್ದುಪಡಿ ಸರಿ ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಈ ಒಂದು ಉದಾಹರಣೆಯಿಂದ.

1977ರ ಫೆಬ್ರುವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡರು, ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಮಾರ್ಚ್ 21ರಂದು ತುರ್ತುಪರಿಸ್ಥಿತಿ ತೆಗೆದದ್ದು ಅವರ ಸಹಿಯಿಂದ. ಏಪ್ರಿಲ್ ಕೊನೆಗೆ ಕಠಿಣ ಪ್ರಸಂಗ ಎದುರಾಯಿತು. ಹೊಸದಾಗಿ ಬಂದ ಜನತಾ ಸರಕಾರ ಕಾಂಗ್ರೆಸ್ ಆಡಳಿತದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಹೊರಟಿತು. ಲೋಕಸಭೆಯಲ್ಲಿ ಸೋತ ಪಕ್ಷ ರಾಜ್ಯದಲ್ಲಿ ಆಳುವ ನೈತಿಕ ಹಕ್ಕು ಕಳೆದುಕೊಂಡಿದೆ ಎಂಬುದು ಅದರ ವಾದ. ರಾಜ್ಯಗಳ ಅರ್ಜಿಯನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿತು. ಕಾಗದ ಜತ್ತಿಯವರ ಮೇಜಿಗೆ ಬಂತು. ಅವರು ಒಡನೆಯೇ ಸಹಿ ಹಾಕಲಿಲ್ಲ. ದಿಲ್ಲಿಯಲ್ಲಿ ದೊಡ್ಡ ಗದ್ದಲವೆದ್ದಿತು. ಮರುದಿನ, ಏಪ್ರಿಲ್ 30ರಂದು ಸಹಿ ಹಾಕಿದರು. ಆ ತಡವನ್ನು ಆಗ ಟೀಕಿಸಿದವರು ಬಹಳ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಒಂಬತ್ತು ರಾಜ್ಯಗಳ ಜನ ಆರಿಸಿದ ಸಭೆಗಳನ್ನು ಒಂದೇ ಸಹಿಯಿಂದ ಮುಗಿಸುವ ಮುನ್ನ ಒಂದು ರಾತ್ರಿ ಯೋಚಿಸುವ ಅವಕಾಶ ರಾಷ್ಟ್ರಪತಿಗೆ ಇರಬೇಕು. ನಲವತ್ತೆರಡನೇ ತಿದ್ದುಪಡಿ ಅಷ್ಟೂ ಜಾಗ ಬಿಟ್ಟಿರಲಿಲ್ಲ. ಮರುವರ್ಷ ಬಂದ ನಲವತ್ತನಾಲ್ಕನೇ ತಿದ್ದುಪಡಿ ಆ ಜಾಗ ಮಾಡಿಕೊಟ್ಟಿತು: ಮಂತ್ರಿಮಂಡಲದ ಸಲಹೆಯನ್ನು ರಾಷ್ಟ್ರಪತಿ ಒಂದು ಸಲ ಮರುಪರಿಶೀಲನೆಗೆ ಹಿಂದಿರುಗಿಸಬಹುದು, ಮತ್ತೆ ಬಂದರೆ ಒಪ್ಪಬೇಕು. ಆ ಮಸೂದೆ ರಾಜ್ಯಸಭೆಗೆ ಬಂದಾಗಲೂ ಸಭಾಪತಿಯ ಪೀಠ ಜತ್ತಿಯವರದೇ ಆಗಿತ್ತು.

ಆ ಮಸೂದೆಯಲ್ಲಿ ಇನ್ನೊಂದು ಅಂಶವಿತ್ತು. ಸಂವಿಧಾನದ ಮುಖ್ಯ ಲಕ್ಷಣಗಳನ್ನು ಬದಲಿಸಬೇಕಾದರೆ ಜನಮತಗಣನೆ ನಡೆಸಬೇಕು ಎಂದು ಅದರಲ್ಲಿ ಬರೆದಿದ್ದರು. ರಾಜ್ಯಸಭೆ ಅದನ್ನು ಕೈಬಿಟ್ಟಿತು. ಇಂದೂ ಕೆಲವರು, ಜನರನ್ನೇ ಕೇಳಿಬಿಡಲಿ ಎನ್ನುತ್ತಾರೆ. ಚಿಲಿ ದೇಶದಲ್ಲಿ ಹಾಗೆ ಕೇಳಿದರು. ಹಳೆಯ ಸಂವಿಧಾನ ಬೇಡವೆಂದು ಜನ ಬೀದಿಗಿಳಿದ ಮೇಲೆ ಹೊಸ ಕರಡು ಬರೆದರು, 2022ರಲ್ಲಿ ಜನ ಅದನ್ನು ತಿರಸ್ಕರಿಸಿದರು. ಇನ್ನೊಂದು ಬರೆದರು, 2023ರಲ್ಲಿ ಅದನ್ನೂ ತಿರಸ್ಕರಿಸಿದರು. ನೂರಾರು ವಿಧಿಗಳ ಕರಡಿಗೆ ಹೌದು ಅಥವಾ ಅಲ್ಲ ಎಂದಷ್ಟೇ ಹೇಳುವ ಅವಕಾಶ ಕೊಟ್ಟರೆ ಜನ ಏನು ಮಾಡಬೇಕು? ನಮ್ಮಂಥ ದೇಶಕ್ಕೆ ಒಂದೊಂದೇ ವಿಷಯ, ರಾಜ್ಯಗಳ ಸಭೆಗಳಲ್ಲಿ ಚರ್ಚೆ, ಈ ಹಾದಿಯೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಆ ಹಾದಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬಹಳ ದೂರ ಹೋಗಬೇಕಿಲ್ಲ. ಜಮಖಂಡಿ, ಮುಧೋಳ, ಬನಹಟ್ಟಿಗಳ ಯಾವ ಓಣಿಗೆ ಹೋದರೂ ಒಂದು ಪತ್ತಿನ ಸಂಘದ ಬೋರ್ಡು ಕಾಣುತ್ತದೆ. ಕಬ್ಬಿನ ಸಾಲ, ಮಗ್ಗದ ಸಾಲ, ಮಗಳ ಮದುವೆಯ ಸಾಲ ಎಲ್ಲ ಸೊಸೈಟಿಯ ಮೂಲಕವೇ. 2011ರಲ್ಲಿ ಪಾಸಾಗಿ 2012ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ತೊಂಬತ್ತೇಳನೇ ತಿದ್ದುಪಡಿ ಸಹಕಾರ ಸಂಘಗಳಿಗೆ ಸಂವಿಧಾನದಲ್ಲಿ ಒಂದು ಇಡೀ ಭಾಗವನ್ನು ಕೊಟ್ಟಿತು. ಆಡಳಿತ ಮಂಡಳಿಗೆ 21ಕ್ಕಿಂತ ಹೆಚ್ಚು ನಿರ್ದೇಶಕರು ಬೇಡ, ಐದು ವರ್ಷಕ್ಕೊಮ್ಮೆ ಚುನಾವಣೆ, ಮಹಿಳೆಯರಿಗೆ ಎರಡು ಮತ್ತು ಪರಿಶಿಷ್ಟರಿಗೆ ಒಂದು ಸ್ಥಾನ, ವೇಳೆಗೆ ಸರಿಯಾಗಿ ಲೆಕ್ಕ ತಪಾಸಣೆ. ಸದಸ್ಯನಾದ ಯಾರಿಗೂ ಬೇಡವೆನಿಸದ ನಿಯಮಗಳು. ಆದರೆ ಸಹಕಾರ ಸಂಘ ರಾಜ್ಯಪಟ್ಟಿಯ ವಿಷಯ. ಅರ್ಧದಷ್ಟು ರಾಜ್ಯಗಳ ಅನುಮೋದನೆ ಪಡೆಯಬೇಕಿತ್ತು, ಪಡೆಯಲಿಲ್ಲ. 2021ರ ಜುಲೈ 20ರಂದು ಸುಪ್ರೀಂ ಕೋರ್ಟು, ರಾಜ್ಯದೊಳಗಿನ ಸಹಕಾರ ಸಂಘಗಳ ಮಟ್ಟಿಗೆ ಆ ಭಾಗವನ್ನು ರದ್ದು ಮಾಡಿತು. ಸಂಘ ಕಟ್ಟುವುದು ಮೂಲಭೂತ ಹಕ್ಕು ಎಂಬ ಮಾತು ಉಳಿಯಿತು. ಚುನಾವಣೆ, ಆಡಿಟ್‌ಗಳ ಸಂವಿಧಾನದ ಭದ್ರತೆ ಹೋಯಿತು. ಕರ್ನಾಟಕ ತನ್ನ ಸಹಕಾರ ಕಾಯ್ದೆಯಲ್ಲಿ ಮಾಡಿಕೊಂಡ ಬದಲಾವಣೆಗಳು ನಮ್ಮ ಪಾಲಿಗೆ ಉಳಿದಿವೆ, ಆದರೆ ವಿಧಾನಸಭೆಯ ಸಾಮಾನ್ಯ ಬಹುಮತ ನಾಳೆ ಅವುಗಳನ್ನು ತೆಗೆಯಬಹುದು. ವಿಷಯ ಒಳ್ಳೆಯದು ತಾನೇ, ಕೇಳುವ ಗೊಡವೆ ಏಕೆ ಎಂದು ನಡೆದದ್ದಕ್ಕೆ ಸೊಸೈಟಿಯ ಸಾಮಾನ್ಯ ಸದಸ್ಯ ಬೆಲೆ ತೆತ್ತ.

ಇದಕ್ಕೆ ಎದುರಾಗಿ ಎಪ್ಪತ್ತಮೂರನೇ ತಿದ್ದುಪಡಿಯನ್ನು ಇಟ್ಟು ನೋಡಿ. ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಅಬ್ದುಲ್ ನಜೀರ್ ಸಾಬರು 1983ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳ ಕಾಯ್ದೆ ತಂದರು. 1987ರಲ್ಲಿ ಚುನಾವಣೆ ನಡೆದು ನೂರಕ್ಕೆ 25 ಸ್ಥಾನ ಹೆಣ್ಣುಮಕ್ಕಳಿಗೆ ಸಿಕ್ಕಿತು. ದಿಲ್ಲಿ ಅದನ್ನು ಗಮನಿಸಿತು. 1989ರಲ್ಲಿ ರಾಜೀವ್ ಗಾಂಧಿ ಸರಕಾರದ ಪಂಚಾಯ್ತಿ ಮಸೂದೆ ರಾಜ್ಯಸಭೆಯಲ್ಲಿ ಬಿದ್ದಿತು. ಕೇಂದ್ರ ರಾಜ್ಯಗಳನ್ನು ದಾಟಿ ನೇರ ಹಳ್ಳಿಗೆ ಕೈಹಾಕುತ್ತಿದೆ ಎಂಬ ತಕರಾರು ಬಲವಾಗಿತ್ತು. ಆ ತಕರಾರುಗಳನ್ನು ಅರಗಿಸಿಕೊಂಡು ಹೊಸ ಮಸೂದೆ 1992ರ ಡಿಸೆಂಬರ್‌ನಲ್ಲಿ ಪಾಸಾಯಿತು. ರಾಜ್ಯಗಳು ಅನುಮೋದಿಸಿದವು, 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಒಂದು ರಾಜ್ಯ ಮಾಡಿ ನೋಡಿದ್ದು, ಒಮ್ಮೆ ಬಿದ್ದದ್ದು, ತಿದ್ದಿ ಮತ್ತೆ ತಂದದ್ದು. ಅದಕ್ಕೇ ಅದು ಬೇರು ಬಿಟ್ಟಿತು. ಆ ಲೋಕಸಭೆಯಲ್ಲಿ ನಮ್ಮ ಕಡೆಯ ಸದಸ್ಯರಾಗಿದ್ದವರು ಜಮಖಂಡಿಯ ಸಿದ್ದು ನ್ಯಾಮಗೌಡರು. ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಹಣ ಹಾಕಿ, ಬೆವರು ಸುರಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದಾಗ ಮುಂದೆ ನಿಂತವರು ಅವರು, ‘ಬ್ಯಾರೇಜ್ ಸಿದ್ದು’ ಎಂದೇ ಹೆಸರಾದವರು. 1991ರ ಚುನಾವಣೆಯಲ್ಲಿ ಬಾಗಲಕೋಟೆಯಿಂದ ಅವರು ಸೋಲಿಸಿದ್ದು ಅದೇ ರಾಮಕೃಷ್ಣ ಹೆಗಡೆಯವರನ್ನು. ಹೆಗಡೆಯವರು ಸೋತರೂ ಅವರ ಸರಕಾರ ಬಿತ್ತಿದ ಪಂಚಾಯ್ತಿ ವ್ಯವಸ್ಥೆ ಸಂವಿಧಾನ ಸೇರಿತು. ಇಂದು ನಮ್ಮ ಗ್ರಾಮ ಪಂಚಾಯ್ತಿಗಳಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳವು. ಮೊದಮೊದಲು ಗಂಡನ ಕೈಯಲ್ಲಿ ಮೊಹರು ಕೊಟ್ಟು ಮನೆಯಲ್ಲಿ ಕೂರುತ್ತಿದ್ದ ಅಧ್ಯಕ್ಷೆಯರ ಜಾಗದಲ್ಲಿ, ಎಂಜಿನಿಯರನನ್ನು ಎದುರು ಕೂರಿಸಿಕೊಂಡು ಕುಡಿಯುವ ನೀರಿನ ಬಿಲ್ಲು ಕೇಳುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ಬರೆದಿಟ್ಟ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. ಪಂಚಾಯ್ತಿಗಳ ಅವಧಿ ಐದೇ ವರ್ಷ, ಅದು ಮುಗಿಯುವುದರೊಳಗೆ ಚುನಾವಣೆ ಆಗಬೇಕು ಎಂದು ಸಂವಿಧಾನ ಸ್ಪಷ್ಟವಾಗಿ ಹೇಳುತ್ತದೆ. ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ವರ್ಷಗಳು ಉರುಳಿದವು, ಅಧಿಕಾರಿಗಳೇ ಆಡಳಿತ ನಡೆಸಿದರು. ಒಂದಕ್ಕಿಂತ ಹೆಚ್ಚು ಪಕ್ಷಗಳ ಸರಕಾರಗಳು ಬಂದುಹೋದವು, ಯಾರಿಗೂ ಅವಸರವಿರಲಿಲ್ಲ. ಹೊಸ ತಿದ್ದುಪಡಿ ಬೇಕೆಂದು ಕೂಗುವವರು ಇರುವುದನ್ನು ಪಾಲಿಸಿ ಎಂದೂ ಅಷ್ಟೇ ಜೋರಾಗಿ ಕೂಗಿದ್ದರೆ ಚೆನ್ನಾಗಿತ್ತು ಎಂಬ ನೋವು ನನಗಿದೆ.

ಹುಡುಗರು ಕೇಳುವ ಇನ್ನೊಂದು ಪ್ರಶ್ನೆ 371-ಜೆ ಕುರಿತದ್ದು. 2012ರ ತೊಂಬತ್ತೆಂಟನೇ ತಿದ್ದುಪಡಿಯಿಂದ ಹೈದರಾಬಾದ್ ಕರ್ನಾಟಕದವರಿಗೆ ಕಾಲೇಜು ಸೀಟು, ನೌಕರಿಗಳಲ್ಲಿ ಪಾಲು ಸಿಕ್ಕಿತು. “ಕುಷ್ಟಗಿಗೆ ಐತಿ, ನಮಗ್ಯಾಕ ಇಲ್ಲ?” ಎನ್ನುತ್ತಾರೆ ನಮ್ಮ ಜಿಲ್ಲೆಯ ಹುಡುಗರು. ನಿಜಾಮನ ಆಡಳಿತದಲ್ಲಿ ಹಿಂದುಳಿದ ಸೀಮೆಗೆ ಅದು ನ್ಯಾಯವಾಗಿ ಸಿಕ್ಕದ್ದು, ಅದರ ಮೇಲೆ ಕಣ್ಣು ಹಾಕುವುದು ಬೇಡ. ಹಿಂದುಳಿದಿರುವಿಕೆಯನ್ನು ತಾಲ್ಲೂಕುವಾರು ಅಳೆದ ನಂಜುಂಡಪ್ಪ ಸಮಿತಿಯ ವರದಿ 2002ರಿಂದಲೂ ಸರಕಾರದ ಬಳಿ ಇದೆ. ನಮಗೆ ಬೇಕಾದದ್ದಕ್ಕೆ ಸಂವಿಧಾನದವರೆಗೆ ಹೋಗುವ ಅಗತ್ಯವಿಲ್ಲ, ಬಜೆಟ್ಟಿನಲ್ಲಿ ಆಗುವ ಕೆಲಸ ಅದು.

ಮುಂದಿನ ವರ್ಷಗಳಲ್ಲಿ ತಿದ್ದುಪಡಿಯ ಮಾತು ಇನ್ನೂ ಹೆಚ್ಚಾಗಲಿದೆ. ಲೋಕಸಭೆಯಲ್ಲಿ ರಾಜ್ಯಗಳ ಸ್ಥಾನಗಳನ್ನು ಜನಸಂಖ್ಯೆಯ ಮೇಲೆ ಮರುಹಂಚಿಕೆ ಮಾಡದಂತೆ 1976ರಲ್ಲಿ ತಡೆ ಹಾಕಿದ್ದು ಅದೇ ನಲವತ್ತೆರಡನೇ ತಿದ್ದುಪಡಿ. 2001ರ ಎಂಬತ್ತನಾಲ್ಕನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಹೆಣ್ಣುಮಕ್ಕಳಿಗೆ ವಿಧಾನಸಭೆ, ಲೋಕಸಭೆಗಳಲ್ಲಿ ಮೂರನೇ ಒಂದು ಸ್ಥಾನ ಕೊಡುವ 2023ರ ನೂರಾರನೇ ತಿದ್ದುಪಡಿಯನ್ನೂ ಜನಗಣತಿ ಮತ್ತು ಕ್ಷೇತ್ರ ವಿಂಗಡಣೆಗೆ ಜೋಡಿಸಿದರು. ಕುಟುಂಬ ಯೋಜನೆಯನ್ನು ಶ್ರದ್ಧೆಯಿಂದ ಪಾಲಿಸಿದ ಕರ್ನಾಟಕದಂಥ ರಾಜ್ಯದ ದನಿ ಕುಗ್ಗಬಾರದು. ಇಂಥ ವಿಷಯದಲ್ಲಿ ಒಂದು ಅಧಿವೇಶನದಲ್ಲಿ ಮಂಡಿಸಿ ಅದೇ ವಾರ ಪಾಸು ಮಾಡುವುದು ಯಾರಿಗೂ ಹಿತವಲ್ಲ.

ಮುಧೋಳದವರು ಇನ್ನೊಂದು ತಾರೀಖನ್ನು ನೆನಪಿಡಬೇಕು. ಮುಧೋಳ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರ. ಈ ಮೀಸಲು ಶಾಶ್ವತವಾಗಿ ಬರೆದದ್ದಲ್ಲ. 334ನೇ ವಿಧಿಯಲ್ಲಿ ಮೊದಲು ಹತ್ತು ವರ್ಷ ಎಂದಿತ್ತು; 1960ರ ಹೊತ್ತಿಗೆ ಎಂಟನೇ ತಿದ್ದುಪಡಿಯಿಂದ ಶುರುವಾಗಿ ಪ್ರತಿ ದಶಕಕ್ಕೊಮ್ಮೆ ಬೆಳೆಸುತ್ತ ಬಂದಿದ್ದಾರೆ. 2019ರ ಡಿಸೆಂಬರ್‌ನಲ್ಲಿ ಸಂಸತ್ತು ಪಾಸು ಮಾಡಿದ ನೂರನಾಲ್ಕನೇ ತಿದ್ದುಪಡಿ ಅದನ್ನು 2030ರ ಜನವರಿ 25ರವರೆಗೆ ಒಯ್ದಿತು. ಸಂವಿಧಾನ ತಿದ್ದಲೇಬಾರದು ಎಂದು ಒಂದೇ ಪಟ್ಟು ಹಿಡಿಯುವವರಿಗೆ ನಾನು ಇದನ್ನೇ ತೋರಿಸುತ್ತೇನೆ, ತಿದ್ದದೆ ಹೋದರೆ ಆ ದಿನ ಆ ಮೀಸಲಿನ ಅವಧಿ ಮುಗಿಯುತ್ತದೆ. ಹಿಂದಿನ ಸಲ ಆ ಮಸೂದೆ ಅನುಮೋದನೆಗಾಗಿ ರಾಜ್ಯಗಳ ಶಾಸನಸಭೆಗಳಿಗೆ ಹೋಗಿತ್ತು, ಮುಂದಿನದೂ ಹೋಗಬೇಕಾಗುತ್ತದೆ. ಜಮಖಂಡಿ, ತೇರದಾಳ, ಮುಧೋಳ, ಬೀಳಗಿಯ ಶಾಸಕರು ಅಂದು ಸದನದಲ್ಲಿ ಇರುತ್ತಾರೆಯೇ, ಮಾತಾಡುತ್ತಾರೆಯೇ, ಏನು ಮಾತಾಡುತ್ತಾರೆ ಎಂದು ಕೇಳಲು 2030ರವರೆಗೆ ಕಾಯಬೇಕಿಲ್ಲ. ಅವರು ಊರಿಗೆ ಬಂದಾಗ ರಸ್ತೆ, ಚರಂಡಿಗಳ ಅರ್ಜಿಯ ಜೊತೆಗೆ ಇದನ್ನೂ ಕೇಳಬಹುದು.